ನಂಬರು ನೋಡಿಸಿದ್ದಾಯಿತು, ತಲೆನೋವು ಹೋಯಿತೇ?

ಹೆಣ್ಣುಮಕ್ಕಳು ತಲೆನೋವು ಎಂದು ಎರಡು ಸಲ ಹೇಳಿದರೆ ಮೂರನೆಯ ಸಲಕ್ಕೆ ಮನೆಯವರಿಂದ ಬರುವ ಮಾತು ಒಂದೇ: 'ಕಣ್ಣು ತೋರಿಸ್ಕಂಡು ಬಾ.' ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಪೇಟೆಯಲ್ಲಾದರೂ ಕನ್ನಡಕದ ಅಂಗಡಿಗೆ ಕೊರತೆಯಿಲ್ಲ. ಗದ್ದವನ್ನು ಕಂಪ್ಯೂಟರ್ ಯಂತ್ರದ ಮೇಲಿಟ್ಟು ಒಳಗೆ ಇಣುಕಿದರೆ ಉದ್ದನೆಯ ರಸ್ತೆಯ ತುದಿಯಲ್ಲಿ ಒಂದು ಬಣ್ಣದ ಬಲೂನು ಮಸುಕಾಗಿ ಕಂಡು, ಮರುಕ್ಷಣ ತಿಳಿಯಾಗುತ್ತದೆ. ಯಂತ್ರ ಒಂದು ಚೀಟಿ ಹೊರಹಾಕುತ್ತದೆ. ಅದರಲ್ಲಿ ಕಾಲು ನಂಬರೋ ಅರ್ಧ ನಂಬರೋ ಇದ್ದೇ ಇರುತ್ತದೆ, ಏಕೆಂದರೆ ಸೊನ್ನೆಗೆ ಸೊನ್ನೆ ಸರಿಯಾಗಿರುವ ಕಣ್ಣು ಅಪರೂಪ. ಸಂಜೆಯೊಳಗೆ ಕನ್ನಡಕ ಸಿದ್ಧ. ಮುಂದಿನ ತಿಂಗಳು ಅದೇ ತಲೆನೋವು, ಅದೇ ವಾಂತಿ, ಅದೇ ಕತ್ತಲೆ ಕೋಣೆ. ಕಣ್ಣು ತೋರಿಸು ಎಂಬ ಸಲಹೆ ತಪ್ಪಲ್ಲ, ಆದರೆ ಅದು ಅರ್ಧಕ್ಕೇ ನಿಂತುಬಿಡುತ್ತದೆ. ತಲೆನೋವಿರುವ ಹೆಂಗಸಿಗೆ ಕಣ್ಣಿನ ಪರೀಕ್ಷೆ ಬೇಕು, ಆದರೆ ನಂಬರಿಗಾಗಿ ಅಷ್ಟಾಗಿ ಅಲ್ಲ. ಕಣ್ಣಿನ ಹಿಂಭಾಗದ ನರವನ್ನೂ ಪಕ್ಕದ ನೋಟವನ್ನೂ ನೋಡಿಸುವುದಕ್ಕಾಗಿ. ಹಾಗೆ ಹೋಗುವಾಗ ಕೈಯಲ್ಲಿ ಮುಟ್ಟಿನ ತಾರೀಖುಗಳ ಲೆಕ್ಕ ಇರಬೇಕು. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ಡಾಕ್ಟರಾದರೂ ಅರ್ಧ ಊಹೆಯಲ್ಲೇ ಚೀಟಿ ಬರೆಯಬೇಕಾಗುತ್ತದೆ.

ಹೀಗೆ ಹೇಳುವುದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ತಲೆನೋವಿನ ಬಗ್ಗೆ ವಿಚಾರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ 63.9. ಮೈಗ್ರೇನ್, ಅಂದರೆ ನಾವು ಅರೆತಲೆನೋವು ಎನ್ನುವುದು, ಶೇ 25.2. ಅಂದರೆ ನಾಲ್ವರಲ್ಲಿ ಒಬ್ಬರಿಗೆ. ತಲೆಗೆ ಪಟ್ಟಿ ಬಿಗಿದಂತಾಗುವ ಒತ್ತಡದ ತಲೆನೋವು ಶೇ 35.1. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ಪೇಟೆಯ ಒತ್ತಡ, ಮೊಬೈಲು, ಕಂಪ್ಯೂಟರು ಎಂದು ನಾವು ಹುಡುಕುವ ಕಾರಣಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ. ಅದು ಬೆಂಗಳೂರಿನ ಲೆಕ್ಕ, ನಮ್ಮ ಸೀಮೆಯದಲ್ಲ ಎನ್ನಬಹುದು, ನಿಜ. ಆದರೆ ಹಳ್ಳಿಯಲ್ಲೇ ಹೆಚ್ಚು ಎಂದ ಮೇಲೆ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಕಡಿಮೆ ಇರಬಹುದು ಎಂದು ನಂಬಲು ಕಾರಣ ಸಿಗುವುದಿಲ್ಲ.

ಹಾಗಾದರೆ ಕಣ್ಣಿನ ನಂಬರಿನಿಂದ ತಲೆನೋವು ಬರುವುದೇ ಇಲ್ಲವೇ? ಬರುತ್ತದೆ, ಆದರೆ ಅದರ ನಡೆ ಬೇರೆ. ಬೆಳಿಗ್ಗೆ ಎದ್ದಾಗ ಇರುವುದಿಲ್ಲ. ಗಂಟೆಗಟ್ಟಲೆ ಓದಿದರೆ, ಹೊಲಿದರೆ, ಹೂ ಕಟ್ಟಿದರೆ ಹಣೆಯಲ್ಲೋ ಕಣ್ಣಿನ ಸುತ್ತಲೋ ಮಂದವಾಗಿ ಹತ್ತುತ್ತದೆ; ಕೆಲಸ ಬಿಟ್ಟು ಕಣ್ಣು ಮುಚ್ಚಿದರೆ ಇಳಿಯುತ್ತದೆ. ಒಂದೇ ಬದಿ ಮಿಡಿಯುವುದು, ವಾಂತಿ, ಬೆಳಕು ಸದ್ದು ಸಹಿಸಲಾಗದಿರುವುದು ನಂಬರಿನ ಲಕ್ಷಣವಲ್ಲ. 'ಕನ್ನಡಕ ಹಾಕಿದ ಮೇಲೆ ನನ್ನ ತಲೆನೋವು ನಿಂತಿತಲ್ಲ' ಎನ್ನುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಕಿಲ್ಲ. ಆದರೆ ಮೈಗ್ರೇನ್ ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆ. ತೀರಾ ಹೆಚ್ಚಾದಾಗಲೇ ಜನ ಅಂಗಡಿಗೆ ಹೋಗುತ್ತಾರೆ, ಹೆಚ್ಚಾದದ್ದು ಹೇಗಿದ್ದರೂ ಕೆಲವು ವಾರ ಇಳಿಯುತ್ತದೆ, ಹೆಸರು ಕನ್ನಡಕಕ್ಕೆ ಬರುತ್ತದೆ. ಮೂರು ತಿಂಗಳು ಕಳೆದ ಮೇಲೆ ಕೇಳಿದರೆ ನಿಜ ತಿಳಿಯುತ್ತದೆ.

ಇಷ್ಟು ಹೇಳಿದ್ದರಿಂದ ಕನ್ನಡಕವೇ ಬೇಡ ಎಂದು ಯಾರೂ ತಿಳಿಯಬಾರದು. ಚಾಳೀಸು ಬಂದ ಮೇಲೆ ಕನ್ನಡಕ ಹಾಕಿಕೊಳ್ಳುವುದರಿಂದ ಆಗುವ ಲಾಭವನ್ನು ನಮ್ಮ ದೇಶದಲ್ಲೇ ಅಳೆದಿದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಎಲೆ ಕೀಳುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತಿರದ ನೋಟದ ಕನ್ನಡಕವನ್ನು ಮೊದಲೇ ಕೊಟ್ಟು ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರು ದಿನಕ್ಕೆ ಕಿತ್ತ ಎಲೆಯ ತೂಕ ಇನ್ನೊಂದು ಗುಂಪಿಗಿಂತ ಶೇ 21.7ರಷ್ಟು ಹೆಚ್ಚು ಏರಿತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶ ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ ಕಟ್ಟುವವರಿಗೂ, ತಾಂಡಾಗಳಲ್ಲಿ ಕಸೂತಿ ಹಾಕುವವರಿಗೂ ಹೊಂದುತ್ತದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವ ಅಜ್ಜಿಗೆ ಬೇಕಿರುವುದು ಆ ಕನ್ನಡಕ. ಆದರೆ ಇಪ್ಪತ್ತೆಂಟರ ಸೊಸೆಗೆ ತಿಂಗಳಿಗೊಮ್ಮೆ ಬರುವ ತಲೆನೋವಿಗೆ ಅದು ಮದ್ದಲ್ಲ.

ತಿಂಗಳಿಗೊಮ್ಮೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1972ರಲ್ಲಿ. ಆಸ್ಟ್ರೇಲಿಯಾದ ಸೋಮರ್‌ವಿಲ್ ಎಂಬ ವೈದ್ಯರು ಮುಟ್ಟಿನ ಹೊತ್ತಿಗೆ ಮೈಗ್ರೇನ್ ಬರುವ ಆರು ಹೆಂಗಸರಿಗೆ ಆ ದಿನಗಳ ಮುನ್ನ ಈಸ್ಟ್ರೊಜನ್ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ನೋಡಿದರು. ಮುಟ್ಟು ತನ್ನ ಸಮಯಕ್ಕೆ ಬಂತು, ತಲೆನೋವು ಮಾತ್ರ ಮುಂದಕ್ಕೆ ಹೋಯಿತು. ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಕೊಟ್ಟಾಗ ಉಲ್ಟಾ ಆಯಿತು: ಮುಟ್ಟು ಮುಂದೂಡಿತು, ತಲೆನೋವು ತನ್ನ ಸಮಯಕ್ಕೇ ಬಂತು. ಅಂದರೆ ತಲೆನೋವು ತರುವುದು ರಕ್ತಸ್ರಾವವಲ್ಲ, ಅದಕ್ಕೆ ಮೊದಲು ಈಸ್ಟ್ರೊಜನ್ ದಿಢೀರನೆ ಇಳಿಯುವುದು. ಆರೇ ಮಂದಿಯ ಪ್ರಯೋಗದ ಮೇಲೆ ಇಷ್ಟು ದೊಡ್ಡ ಮಾತೇ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮುಂದೆ ಲಂಡನ್ನಿನ ಆ್ಯನ್ ಮ್ಯಾಕ್‌ಗ್ರೆಗರ್ ಮತ್ತು ಸಂಗಡಿಗರು ಈಸ್ಟ್ರೊಜನ್ ಜೆಲ್ಲನ್ನೂ ಹುಸಿ ಜೆಲ್ಲನ್ನೂ ಹೋಲಿಸಿ ನೋಡಿ 2006ರಲ್ಲಿ ವರದಿ ಮಾಡಿದರು. ಜೆಲ್ ಹಚ್ಚಿದ ದಿನಗಳಲ್ಲಿ ಮೈಗ್ರೇನ್ ಶೇ 22ರಷ್ಟು ಕಡಿಮೆಯಾಯಿತು. ಆದರೆ ಹಚ್ಚುವುದನ್ನು ನಿಲ್ಲಿಸಿದ ಐದು ದಿನಗಳಲ್ಲಿ ಶೇ 40ರಷ್ಟು ಹೆಚ್ಚಾಯಿತು. ಇಳಿಯುವ ಹಾರ್ಮೋನೇ ಕಾರಣ ಎಂಬುದು ಎರಡೂ ಅಂಕಿಗಳಿಂದ ಗಟ್ಟಿಯಾಯಿತು. ಜೊತೆಗೆ, ಹೊರಗಿನಿಂದ ಹಾರ್ಮೋನ್ ತುಂಬುವುದು ಸಾಲ ಮಾಡಿ ಸಾಲ ತೀರಿಸಿದಂತೆ ಎಂಬುದೂ ತಿಳಿಯಿತು. 'ಹಾರ್ಮೋನ್ ತಲೆನೋವು, ಹಾರ್ಮೋನ್ ಮಾತ್ರೆ ಕೊಡಿ' ಎಂದು ಮೆಡಿಕಲ್ ಶಾಪಿನಲ್ಲಿ ಕೇಳುವ ಮೊದಲು ಇದು ನೆನಪಿರಲಿ.

ವೈದ್ಯರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮುಟ್ಟಿನ ಮೈಗ್ರೇನ್ ಎಂದು ಕರೆಯಲು ಅದು ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೆಯ ದಿನದೊಳಗೆ ಬರಬೇಕು, ಮೂರು ತಿಂಗಳಲ್ಲಿ ಕನಿಷ್ಠ ಎರಡು ತಿಂಗಳು ಹಾಗೆ ಆಗಿರಬೇಕು. ಇದನ್ನು ತೋರಿಸುವ ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆಯಿಲ್ಲ. ಇರುವ ಸಾಧನ ಗೋಡೆಯ ಕ್ಯಾಲೆಂಡರ್ ಒಂದೇ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಘದ ಕಂತು ಎಲ್ಲವನ್ನೂ ನಾವು ಅದರ ಮೇಲೇ ಬರೆಯುತ್ತೇವೆ. ಅದರ ಪಕ್ಕದಲ್ಲೇ ತಲೆನೋವು ಬಂದ ದಿನಕ್ಕೊಂದು ಗೀಟು, ವಾಂತಿಯಾದರೆ ಇನ್ನೊಂದು ಗೀಟು, ಮಾತ್ರೆ ನುಂಗಿದರೆ ಒಂದು ಚುಕ್ಕೆ, ಮುಟ್ಟು ಶುರುವಾದ ದಿನಕ್ಕೊಂದು ಸುತ್ತು. ಅಕ್ಷರ ಬರಬೇಕಿಲ್ಲ. ಮಾವ, ಮೈದುನರು ಓಡಾಡುವ ಪಡಸಾಲೆಯ ಗೋಡೆಯ ಮೇಲೆ ಹೊರಗಾದ ದಿನ ಗುರುತು ಹಾಕಲು ಸಂಕೋಚವೆನ್ನುವವರು ಚಿಕ್ಕ ಕ್ಯಾಲೆಂಡರನ್ನು ಟ್ರಂಕಿನೊಳಗೆ ಇಟ್ಟುಕೊಳ್ಳಬಹುದು, ಮೊಬೈಲಿನಲ್ಲೂ ಬರೆಯಬಹುದು. ಮೂರು ತಿಂಗಳ ಗುರುತು ಸಾಕು. ಸುತ್ತಿನ ಆಸುಪಾಸಿನಲ್ಲೇ ಗೀಟುಗಳು ಗುಂಪಾಗಿದ್ದರೆ ಡಾಕ್ಟರಿಗೆ ಮಾತಿಲ್ಲದೆ ವಿಷಯ ತಿಳಿಯುತ್ತದೆ. ಗುಂಪಾಗದೆ ತಿಂಗಳಿಡೀ ಹರಡಿದ್ದರೆ ಅದೂ ಒಂದು ಉತ್ತರವೇ: ಮುಟ್ಟಿನ ಮೇಲೆ ಹೊರಿಸಿದ್ದ ತಪ್ಪು ಅದರದ್ದಲ್ಲ.

ಚುಕ್ಕೆಗಳನ್ನೂ ಎಣಿಸಿ, ಏಕೆಂದರೆ ಕಿರಾಣಿ ಅಂಗಡಿಯ ಡಬ್ಬಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಮಾತ್ರೆಯೇ ತಲೆನೋವು ತರುವ ಕಾಲ ಒಂದು ಬರುತ್ತದೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತ ಮಾತ್ರೆಯನ್ನು 10 ದಿನ ಮುಟ್ಟುವಷ್ಟು ಮೂರು ತಿಂಗಳಿಗೂ ಮೀರಿ ನುಂಗಿದರೆ ತಲೆ ಮಾತ್ರೆಗೇ ಒಗ್ಗಿಕೊಂಡು, ಅದು ಇಳಿದಾಗಲೆಲ್ಲ ನೋಯಲು ಶುರುಮಾಡುತ್ತದೆ. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಹೀಗಾಗಿರಬಹುದಾದವರು ಶೇ 1.2 ಸಿಕ್ಕಿದ್ದರು. ಕಡಿಮೆ ಎನಿಸಬಹುದು, ಆದರೆ ನೂರು ಮನೆಯ ಊರಿನ ವಯಸ್ಕರನ್ನು ಲೆಕ್ಕ ಹಾಕಿದರೆ ಮೂರ್ನಾಲ್ಕು ಮಂದಿಯಾದರು.

ಮುಟ್ಟಿನ ಮೈಗ್ರೇನಿಗೆ ಚಿಕಿತ್ಸೆ ಇದೆ, ಅದೂ ದುಬಾರಿಯಲ್ಲ. ನೆಪ್ರಾಕ್ಸಿನ್, ಮೆಫೆನಮಿಕ್ ಆಮ್ಲದಂಥ ನೋವಿನ ಮಾತ್ರೆಯನ್ನು ತಲೆ ಒಡೆಯುವವರೆಗೆ ಕಾಯದೆ, ನೋವು ಚಿಗುರುವಾಗಲೇ, ಊಟದ ಮೇಲೆ ತೆಗೆದುಕೊಳ್ಳುವುದು ಮೊದಲ ಹೆಜ್ಜೆ. ಅದಕ್ಕೆ ಬಗ್ಗದಿದ್ದರೆ ಟ್ರಿಪ್ಟಾನ್ ಗುಂಪಿನ ಮಾತ್ರೆಗಳಿವೆ. ಹೃದಯದ ತೊಂದರೆ ಇರುವವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ಅವು ಸಲ್ಲವು. ತಾರೀಖು ತಪ್ಪದೆ ಮುಟ್ಟಾಗುವವರಿಗೆ ಎರಡು ದಿನ ಮೊದಲೇ ಶುರುಮಾಡಿ ಐದಾರು ದಿನಕ್ಕೆ ನಿಲ್ಲಿಸುವ ಕ್ರಮವೂ ಇದೆ. ಕ್ಯಾಲೆಂಡರಿಲ್ಲದೆ ಅದು ನಡೆಯದು. ತಿಂಗಳಿಗೆ ನಾಲ್ಕೈದು ಸಲಕ್ಕಿಂತ ಹೆಚ್ಚು ಬರುವವರಿಗೆ ದಿನವೂ ತೆಗೆದುಕೊಳ್ಳುವ ತಡೆಮಾತ್ರೆ ಬರೆಯುತ್ತಾರೆ. ಅದರಲ್ಲಿ ಎರಡರ ಬಗ್ಗೆ ಎಚ್ಚರ ಬೇಕು. ವ್ಯಾಲ್ಪ್ರೊಯೇಟ್ ಗರ್ಭದ ಮಗುವಿಗೆ ಅಪಾಯ. ಮಕ್ಕಳಾಗುವ ವಯಸ್ಸಿನವರು ತಲೆನೋವಿಗಾಗಿ ಅದನ್ನು ತೆಗೆದುಕೊಳ್ಳಬಾರದು. ಟೋಪಿರಮೇಟ್ ಕೂಡ ಗರ್ಭಕ್ಕೆ ಒಳ್ಳೆಯದಲ್ಲ, ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸಬಲ್ಲದು. ಮೇಲಾಗಿ ಕೆಲವರಿಗೆ ಶುರುಮಾಡಿದ ಮೊದಲ ತಿಂಗಳಲ್ಲೇ ಎರಡೂ ಕಣ್ಣು ಮಂಜಾಗಿ, ಕಣ್ಣಿನ ಒತ್ತಡ ಏರಿಬಿಡುತ್ತದೆ. ಹಾಗಾದವರು ಹೊಸ ನಂಬರು ಬಂತೆಂದು ಕನ್ನಡಕದ ಅಂಗಡಿಗೆ ಹೋಗದೆ, ಅದೇ ದಿನ ವೈದ್ಯರ ಬಳಿ ಹೋಗಬೇಕು.

ಕಣ್ಣು, ಹಾರ್ಮೋನು, ತಲೆನೋವು ಮೂರೂ ಸೇರುವ ಇನ್ನೊಂದು ಜಾಗವಿದೆ. ಅದು ಆಶಾ ಕಾರ್ಯಕರ್ತೆಯ ಚೀಲ. ಅದರಲ್ಲಿರುವ ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೊಜನ್ ಇರುತ್ತದೆ. ಬಹುಪಾಲು ಹೆಂಗಸರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮೈಗ್ರೇನ್ ಇರುವ ಕೆಲವರಿಗೆ ತಲೆನೋವಿಗೆ ಮೊದಲು ಐದು ನಿಮಿಷದಿಂದ ಒಂದು ಗಂಟೆಯವರೆಗೆ ಕಣ್ಣೆದುರು ಮಿನುಗುವ ಹಲ್ಲುಹಲ್ಲಿನ ಗೆರೆಗಳು ಕಾಣುತ್ತವೆ. ಹಳೆಯ ಕಾಲದ ವೈದ್ಯರು ಅದನ್ನು ಕೋಟೆಗೋಡೆಗೆ ಹೋಲಿಸಿದ್ದರು. ಉಚ್ಚಂಗಿದುರ್ಗ ನೋಡಿದವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಆ ಗೆರೆಗಳು ಹಿಗ್ಗುತ್ತಾ ಹೋಗಿ, ನಡುವೆ ಒಂದು ಕುರುಡು ಮಚ್ಚೆ ಉಳಿಸಿ ಮಾಯವಾಗುತ್ತವೆ. ಇದನ್ನು ಆರಾ ಎನ್ನುತ್ತಾರೆ. ಹೀಗೆ ಆಗುವವರಿಗೆ ಈಸ್ಟ್ರೊಜನ್ ಇರುವ ಮಾತ್ರೆ ಮಿದುಳಿನ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂಥವರನ್ನು ಯಾವ ವಯಸ್ಸಿನವರಾದರೂ ನಾಲ್ಕನೆಯ ವರ್ಗಕ್ಕೆ, ಅಂದರೆ ಕೊಡಲೇಬಾರದ ವರ್ಗಕ್ಕೆ ಸೇರಿಸಿದೆ. ಕಿರಿಯರಲ್ಲಿ ಪಾರ್ಶ್ವವಾಯು ಹೇಗೂ ಅಪರೂಪ, ಇಷ್ಟೊಂದು ಹೆದರಿಸಬೇಕೇ ಎನ್ನಬಹುದು. ಬೇರೆ ದಾರಿ ಇಲ್ಲದಿದ್ದರೆ ಆ ಮಾತು ನಡೆಯುತ್ತಿತ್ತು. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. ಲಕ್ನೋದ ಸರ್ಕಾರಿ ಪ್ರಯೋಗಾಲಯದಲ್ಲಿ ಹುಟ್ಟಿದ ಛಾಯಾ ಮಾತ್ರೆಯಲ್ಲಿ ಈಸ್ಟ್ರೊಜನ್ ಇಲ್ಲ. ಎರಡೂ ಸರ್ಕಾರಿ ವ್ಯವಸ್ಥೆಯಲ್ಲೇ ಪುಕ್ಕಟೆ ಸಿಗುತ್ತವೆ. ಮಾಲಾ-ಎನ್ ಕೊಡುವ ಮೊದಲು 'ತಲೆನೋವಿಗೆ ಮುಂಚೆ ಕಣ್ಮುಂದೆ ಏನಾದರೂ ಮಿನುಗುತ್ತದಾ ಅಕ್ಕಾ' ಎಂದು ಕೇಳಲು ಅರ್ಧ ನಿಮಿಷ ಬೇಕು. ಕೇಳದಿದ್ದರೆ ನೀವೇ ಹೇಳಿ. ಮಿನುಗು ಕಾಣುವಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಎರಡರಲ್ಲೂ ಕಂಡರೆ ಅದು ಮಿದುಳಿನಿಂದ ಬಂದದ್ದು. ಒಂದೇ ಕಣ್ಣಿನಲ್ಲಿ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ಕತ್ತಲೆ ಎಂದಾದರೆ ಅದು ಅಕ್ಷಿಪಟಲ ಕಳಚುತ್ತಿರುವ ಸೂಚನೆ ಇರಬಹುದು. ಅದಕ್ಕೆ ನಾಳೆ ನಾಡಿದ್ದು ಎನ್ನುವಂತಿಲ್ಲ.

ಈ ಸೀಮೆಯಲ್ಲಿ ಇನ್ನೊಂದು 'ಚಿಕಿತ್ಸೆ'ಯ ಮಾತು ಕೇಳಿಬರುತ್ತದೆ: 'ಗರ್ಭಚೀಲ ತೆಗೆಸಿಬಿಟ್ಟರೆ ಎಲ್ಲಾ ಹೋಗುತ್ತೆ.' ಮುಟ್ಟೇ ತಲೆನೋವಿಗೆ ಕಾರಣವಾದರೆ ಮುಟ್ಟನ್ನೇ ನಿಲ್ಲಿಸಿದರಾಯಿತು ಎಂಬ ತರ್ಕ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ನೆರೆಯ ಹಾವೇರಿ ಜಿಲ್ಲೆಯಲ್ಲೂ ಕಲಬುರಗಿಯಲ್ಲೂ ಬಡ ಹೆಂಗಸರಿಗೆ, ಅದರಲ್ಲೂ ಲಂಬಾಣಿ ತಾಂಡಾಗಳವರಿಗೆ, ಬೇಕಿಲ್ಲದೆ ಈ ಆಪರೇಷನ್ ಮಾಡಿದ ದೂರುಗಳು ಎದ್ದು ತನಿಖೆಗಳೇ ನಡೆದವು. ತಲೆನೋವಿನ ವಿಚಾರದಲ್ಲಂತೂ ಸಾಕ್ಷ್ಯ ಇದಕ್ಕೆ ತದ್ವಿರುದ್ಧ. 1993ರಲ್ಲಿ ಇಟಲಿಯಿಂದ ಬಂದ ವರದಿಯ ಪ್ರಕಾರ ಮುಟ್ಟು ತಾನಾಗಿ ನಿಂತ ಮೈಗ್ರೇನ್ ರೋಗಿಗಳಲ್ಲಿ ಮೂರನೇ ಎರಡರಷ್ಟು ಮಂದಿಗೆ ತಲೆನೋವು ಕಡಿಮೆಯಾಗಿತ್ತು. ಆಪರೇಷನ್ನಿನಿಂದ ನಿಂತವರಲ್ಲಿ ಮೂರನೇ ಎರಡರಷ್ಟು ಮಂದಿಗೆ ಹೆಚ್ಚಾಗಿತ್ತು. ಕಾರಣ ಮೇಲೆ ಹೇಳಿದ್ದೇ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಈಸ್ಟ್ರೊಜನ್ ವರ್ಷಗಳಲ್ಲಿ ಇಳಿಯಬೇಕಾದದ್ದು ಒಂದೇ ದಿನದಲ್ಲಿ ಪಾತಾಳಕ್ಕೆ ಬೀಳುತ್ತದೆ. ಅಂಡಾಶಯ ಉಳಿಸಿ ಚೀಲ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನಿನ ಏರಿಳಿತ ನಿಲ್ಲುವುದಿಲ್ಲ. ಗಡ್ಡೆ, ಅತಿಸ್ರಾವ, ಕ್ಯಾನ್ಸರ್ ಎಂದು ಆಪರೇಷನ್ ಬೇಕಾಗುವುದು ಬೇರೆ ವಿಷಯ. ತಲೆನೋವಿಗೆಂದು ಯಾರಾದರೂ ಸೂಚಿಸಿದರೆ ಬೇಡ ಎನ್ನಿ. ನಲವತ್ತೈದರ ಹೊತ್ತಿಗೆ, ಮುಟ್ಟು ಹಿಂದುಮುಂದಾಗುವ ವರ್ಷಗಳಲ್ಲಿ, ತಲೆನೋವು ಹೆಚ್ಚಾಗುವುದುಂಟು. ಅದು ಸಾಮಾನ್ಯವಾಗಿ ದಾಟಿಹೋಗುವ ಕಾಲ.

ಈಗ ಕಣ್ಣಿನ ಹಿಂಭಾಗಕ್ಕೆ ಬರೋಣ. ಹನಿ ಹಾಕಿ ಪಾಪೆಯನ್ನು ಅಗಲಿಸಿ, ಬೆಳಕು ಬಿಟ್ಟು ನೋಡಿದರೆ ಕಿತ್ತಳೆ ಬಣ್ಣದ ಪರದೆಯ ಮೇಲೆ ನಸುಹಳದಿ ಬಿಲ್ಲೆಯಂತೆ ಕಣ್ಣಿನ ನರದ ತುದಿ ಕಾಣುತ್ತದೆ. ದೇಹದಲ್ಲಿ ಕೊಯ್ಯದೆ, ಸ್ಕ್ಯಾನ್ ಮಾಡದೆ ನರವೊಂದನ್ನು ಬರಿಗಣ್ಣಿನಷ್ಟು ನೇರವಾಗಿ ನೋಡಬಹುದಾದ ಜಾಗ ಇದೊಂದೇ. ತಲೆಬುರುಡೆಯೊಳಗೆ ಒತ್ತಡ ಏರಿದ್ದರೆ ಆ ಬಿಲ್ಲೆಯ ಅಂಚು ಮಸುಕಾಗಿ ಉಬ್ಬಿರುತ್ತದೆ. ಕಾರಣವಿಲ್ಲದೆ ಹೀಗೆ ಒತ್ತಡ ಏರುವ ಕಾಯಿಲೆಯೊಂದು ಮಕ್ಕಳಾಗುವ ವಯಸ್ಸಿನ, ಇತ್ತೀಚೆಗೆ ತೂಕ ಏರಿದ ಹೆಂಗಸರಲ್ಲೇ ಹೆಚ್ಚು. 2014ರಲ್ಲಿ ವರದಿಯಾದ ಅಮೆರಿಕದ ಪ್ರಯೋಗಕ್ಕೆ ಸೇರಿದ 165 ರೋಗಿಗಳಲ್ಲಿ ಗಂಡಸರು ನಾಲ್ಕೇ ಮಂದಿ. ತೂಕ ಇಳಿಸುವ ಆಹಾರಕ್ರಮದ ಜೊತೆ ಅಸಿಟಜೋಲಮೈಡ್ ಮಾತ್ರೆ ಕೊಟ್ಟವರ ನೋಟ, ಆಹಾರಕ್ರಮವೊಂದನ್ನೇ ಪಾಲಿಸಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಕತ್ತಲಾಗುವುದು, ಕಿವಿಯಲ್ಲಿ ನಾಡಿ ಬಡಿದಂತೆ ಸದ್ದು, ಮಲಗಿದರೆ ನೋವು ಹೆಚ್ಚಾಗುವುದು ಇದರ ಸುಳಿವು. ಇವನ್ನು ರಕ್ತಹೀನತೆ, ಪಿತ್ತ ಎಂದು ತಳ್ಳಿಹಾಕುತ್ತಾ ಹೋದರೆ ನರ ಒಣಗಿ, ಹೋದ ನೋಟ ವಾಪಸು ಬರುವುದಿಲ್ಲ. ಕಂಪ್ಯೂಟರ್ ಯಂತ್ರದ ಬಲೂನು ಇದ್ಯಾವುದನ್ನೂ ತೋರಿಸದು.

ಇನ್ನೊಂದು ಪರೀಕ್ಷೆಗೆ ಯಂತ್ರವೇ ಬೇಡ. ಎರಡೂ ಕಣ್ಣಿನ ನರಗಳು ಸೇರಿ ಅಡ್ಡಹಾಯುವ ಜಾಗದ ಕೆಳಗೇ ಪಿಟ್ಯುಟರಿ ಎಂಬ, ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಕುಳಿತಿದೆ. ಮುಟ್ಟು, ಹಾಲು, ಥೈರಾಯ್ಡ್ ಎಲ್ಲದರ ಹಾರ್ಮೋನುಗಳಿಗೂ ಅದೇ ಯಜಮಾನ. ಅಲ್ಲಿ ಗಂಟು ಬೆಳೆದರೆ ಮೇಲಿನ ನರ ಒತ್ತಿ ಎರಡೂ ಬದಿಯ ಹೊರನೋಟ ಕುಗ್ಗುತ್ತದೆ. ಎದುರಿನದು ಚೆನ್ನಾಗಿಯೇ ಕಾಣುವುದರಿಂದ ಬೋರ್ಡಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿ ಪಾಸಾಗಿಬಿಡುತ್ತಾರೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಿಂದ ಬಂದ ಬೈಕು ಕಾಣದಿರುವುದು ಆಗ ಶುರು. ಮನೆಯಲ್ಲೇ ನೋಡಲು ಇಬ್ಬರು ಒಂದು ತೋಳಿನ ಅಂತರದಲ್ಲಿ ಎದುರುಬದುರು ಕುಳಿತುಕೊಳ್ಳಿ. ಒಬ್ಬರು ಬಲಗಣ್ಣು ಮುಚ್ಚಿದರೆ ಎದುರಿನವರು ಎಡಗಣ್ಣು ಮುಚ್ಚಬೇಕು. ಇಬ್ಬರೂ ಪರಸ್ಪರರ ಕಣ್ಣನ್ನೇ ನೋಡುತ್ತಿರುವಾಗ, ಒಬ್ಬರು ಬೆರಳನ್ನು ಅಲುಗಿಸುತ್ತಾ ಪಕ್ಕದಿಂದ ನಡುವಿಗೆ ತರಬೇಕು. ಇಬ್ಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ಕಾಣಬೇಕು. ಒಬ್ಬರಿಗೆ ಬಹಳ ತಡವಾಗಿ ಕಂಡರೆ ಕಣ್ಣಿನ ಡಾಕ್ಟರು ಯಂತ್ರದಲ್ಲಿ ಅಳೆಯಬೇಕು. ತಲೆನೋವಿನ ಜೊತೆ ಬಸಿರಿಲ್ಲದೆ ಮುಟ್ಟು ನಿಂತಿದ್ದರೆ, ಮಗುವಿಲ್ಲದೆ ಎದೆಹಾಲು ಒಸರಿದರೆ ಪ್ರೊಲ್ಯಾಕ್ಟಿನ್ ಎಂಬ ರಕ್ತ ಪರೀಕ್ಷೆ ಕೇಳಿ. ಮಿದುಳಿನ ಗಂಟು ಎಂದೊಡನೆ ಜನ ಎದೆಗುಂದುತ್ತಾರೆ. ಆದರೆ ಪ್ರೊಲ್ಯಾಕ್ಟಿನ್ ಗಂಟುಗಳು ಬಹುತೇಕ ಮಾತ್ರೆಗೇ ಕುಗ್ಗುತ್ತವೆ. 1994ರಲ್ಲಿ ಪ್ರಕಟವಾದ, ಪ್ರೊಲ್ಯಾಕ್ಟಿನ್ ಏರಿ ಮುಟ್ಟು ನಿಂತಿದ್ದ 459 ಹೆಂಗಸರ ಪ್ರಯೋಗದಲ್ಲಿ ಕ್ಯಾಬರ್ಗೊಲಿನ್ ಮಾತ್ರೆ ಪಡೆದವರಲ್ಲಿ ಶೇ 83 ಮಂದಿಯ ಹಾರ್ಮೋನ್ ಮಟ್ಟ ಸರಿಹೋಗಿತ್ತು.

ಬಸುರಿ, ಬಾಣಂತಿಯರ ತಲೆನೋವಿಗೆ ಕ್ಯಾಲೆಂಡರ್ ಹಿಡಿದು ಕೂರುವ ಸಮಯವಿಲ್ಲ. ಐದು ತಿಂಗಳು ತುಂಬಿದ ಬಸುರಿಗೆ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಕಣ್ಮುಂದೆ ಕಿಡಿ ಹಾರುವುದು, ಮುಖ ಊದಿಕೊಳ್ಳುವುದು ಕಂಡರೆ ಅದು ಬಸುರಿನ ಬಿಪಿ ಇರಬಹುದು. 140/90 ಮುಟ್ಟಿದ್ದರೆ ಮೂತ್ರ ಪರೀಕ್ಷೆಯೂ ಆಸ್ಪತ್ರೆಯೂ ಅದೇ ದಿನ ಬೇಕು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2002ರಲ್ಲಿ ವರದಿಯಾದ ಪ್ರಯೋಗದಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಫಿಟ್ಸ್ ಬರುವುದನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಹೆರಿಗೆಯಾದ ಮೇಲಿನ ವಾರಗಳಲ್ಲಿ ಅಪಾಯ ಇನ್ನೊಂದು: ಮಿದುಳಿನ ರಕ್ತನಾಳದಲ್ಲಿ ಹೆಪ್ಪು. ದಿನೇ ದಿನೇ ಏರುವ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲು. ಇದರ ಬಗ್ಗೆ ಜಗತ್ತೇ ಉಲ್ಲೇಖಿಸುವ ಪ್ರಯೋಗವೊಂದು ನಡೆದದ್ದು ನಮ್ಮ ನಿಮ್ಹಾನ್ಸಿನಲ್ಲಿ. ಡಾ. ಡಿ. ನಾಗರಾಜ ಮತ್ತು ಸಂಗಡಿಗರು 57 ಬಾಣಂತಿಯರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಹೆಪ್ಪು ತಡೆಯುವ ಹೆಪಾರಿನ್ ಮದ್ದು ಪಡೆದವರಲ್ಲಿ ಯಾರೂ ಸಾಯಲಿಲ್ಲ. ಪಡೆಯದವರಲ್ಲಿ ಇಬ್ಬರು ತೀರಿಕೊಂಡರು. ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಲೋಟ ಎಣಿಸಿ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನೀರಿಲ್ಲದೆ ರಕ್ತ ಗಟ್ಟಿಯಾಗುವುದು ಈ ಹೆಪ್ಪಿಗೆ ದಾರಿ ಮಾಡುತ್ತದೆ ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಅತ್ತೆಯವರ ಕಾಳಜಿ ದೊಡ್ಡದೇ, ಆದರೆ ಕಾದಾರಿದ ನೀರನ್ನು ಬಾಯಾರಿದಷ್ಟು ಕೊಡುವುದೂ ಕಾಳಜಿಯೇ.

ಇನ್ನು ನಲವತ್ತು ದಾಟಿದವರಿಗೆ ಒಂದು ಕಣ್ಣು ಕೆಂಪಾಗಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡು, ಆ ಬದಿ ತಲೆ ಸಿಡಿದು ವಾಂತಿಯಾದರೆ ಅದು ಅರೆತಲೆನೋವಲ್ಲ. ಕಣ್ಣಿನ ಒತ್ತಡ ಏಕಾಏಕಿ ಏರಿರಬಹುದು, ಗಂಟೆಗಳ ಲೆಕ್ಕದಲ್ಲಿ ನೋಟ ಹೋಗಬಹುದು. ಇದಕ್ಕೂ, ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವಿಗೂ, ಜ್ವರದ ಜೊತೆ ಕತ್ತು ಬಿಗಿದದ್ದಕ್ಕೂ 108ಕ್ಕೆ ಕರೆಮಾಡಿ.

'ಇದೆಲ್ಲ ಸರಿ, ಹನಿ ಹಾಕಿ ನೋಡುವವರು ನಮ್ಮೂರಲ್ಲಿ ಎಲ್ಲಿದ್ದಾರೆ' ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕಣ್ಣಿನ ಆರೈಕೆ ಎಂದರೆ ಪೊರೆ ಮತ್ತು ನಂಬರು ಎಂದು ನಾವು ತಿಳಿದಿರುವುದಕ್ಕೆ ಚರಿತ್ರೆಯೂ ಕಾರಣ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಕೊಂಡೊಯ್ದು, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆಗೂ ಹೆಸರಾಗಿ, ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟರು. ಆ ಋಣ ದೊಡ್ಡದು. ಆದರೆ ಶಿಬಿರ ಹುಡುಕುವುದು ಮುದುಕರ ಪೊರೆಯನ್ನು. ತಲೆನೋವಿನ ಸೊಸೆ ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಇದ್ದರೆ ಅವರಿಂದಲೇ ಶುರುಮಾಡಿ. ಅವರು ಬೋರ್ಡು ಓದಿಸಿ ನಂಬರು ನೋಡುತ್ತಾರೆ, ಬಿಪಿ ಅಲ್ಲೇ ನೋಡಿಸಬಹುದು, ಕಣ್ಣಿನ ಡಾಕ್ಟರು ಬರುವ ದಿನವೂ ತಿಳಿಯುತ್ತದೆ. ಅಲ್ಲಿ ಆಗದಿದ್ದರೆ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹೊಸಪೇಟೆಯಿಂದ ಹರಿಹರದ ಕಡೆ ಹೋಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರನ್ನೂ ಮುಟ್ಟುತ್ತದೆ. ಪ್ರಾಥಮಿಕ ಹಂತದ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು ಗುರುತಿಸುವ ತರಬೇತಿ ಕೊಡಲು ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ದಿನಗೂಲಿ ಬಿಟ್ಟು ದೂರ ಹೋಗುವುದು ಸುಲಭವಲ್ಲ, ಕಾಫಿ ಸೀಮೆಗೋ ಕಬ್ಬು ಕಡಿಯಲೋ ಗುಳೆ ಹೋಗುವ ಮನೆಗಳಿಗಂತೂ ಇನ್ನೂ ಕಷ್ಟ. ಅದಕ್ಕೇ ಒಂದೇ ಸಲದಲ್ಲಿ ಮುಗಿಯುವಂತೆ ಹೋಗಬೇಕು. 'ನಂಬರು ನೋಡಿ' ಎನ್ನಬೇಡಿ. 'ತಲೆನೋವಿದೆ, ಹನಿ ಹಾಕಿ ನರ ನೋಡಿ, ಪಕ್ಕದ ನೋಟ ನೋಡಿ' ಎಂದು ಕೇಳಿ, ನೋಡಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನರ ಚೆನ್ನಾಗಿದೆ ಎಂದು ಬರೆದ ಆ ಚೀಟಿಯನ್ನು ಗುಳೆ ಹೋಗುವಾಗಲೂ ಆಧಾರ್ ಜೊತೆ ಇಟ್ಟುಕೊಳ್ಳಿ.

ಚೀಲದಲ್ಲಿ ಮೂರು ತಿಂಗಳ ಕ್ಯಾಲೆಂಡರ್ ಹಾಳೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿ, ಹಳೆಯ ಕನ್ನಡಕ, ಬಸುರಿಯಾದರೆ ತಾಯಿ ಕಾರ್ಡ್ ಇರಲಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಅವತ್ತು ಗಾಡಿ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.